ಬೆಳಕನ್ನು ಮಂಕಾಗಿಸಿದ್ದು ಯಾವುದು?

ಕಳೆದ ಮಳೆಗಾಲದಲ್ಲಿ ಮಂಡ್ಯದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು, ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುವ ದ್ರವವೊಂದಕ್ಕೆ ತಮ್ಮೂರ ಕೆರೆಯ ನೀರನ್ನು ಬೆರೆಸಿ, ಹೊಳಪು ಕುಗ್ಗಿದ್ದನ್ನು ಕಂಡು, ಕಬ್ಬಿಣ ಇಂಥ ಹೊಳಪನ್ನು ಕುಗ್ಗಿಸುತ್ತದೆಂಬ ನಂಬಿಕೆಯಿಂದ, ಕೆರೆಯಲ್ಲಿ ಕಬ್ಬಿಣದ ಅಂಶವಿದೆಯೆಂದು ದಾಖಲೆ ಪುಸ್ತಕದಲ್ಲಿ ಬರೆದರು. ಪಕ್ಕದಲ್ಲೇ ನಿಂತಿದ್ದ ನಾನು ತಲೆಯಾಡಿಸಿ ಸಹಿ ಹಾಕಿದೆ. ಆ ಸಹಿ ತಪ್ಪಾಗಿತ್ತು. ಅದು ಹೇಗೆ ತಪ್ಪಾಯಿತೆಂದು ಹೇಳಬೇಕಾದರೆ ಆ ನೀಲಿ ದ್ರವ ಯಾವುದು, ಅದರ ಹೊಳಪು ಕುಗ್ಗಿದಾಗ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನೆಲ್ಲ ಹೇಳಬೇಕಾಗುತ್ತದೆ; ಆದ್ದರಿಂದ ಈ ಬರಹ ಸ್ವಲ್ಪ ಉದ್ದವಾಗಲಿದೆ.

ಸೀಸೆಯ ಮೇಲಿನ ಚೀಟಿಯಲ್ಲಿ ‘ಸಿಲಿಕಾನ್ ನ್ಯಾನೊಕಣ’ ಎಂದು ಬರೆದಿತ್ತು. ಸಿಲಿಕಾನ್ ಹೊಳೆಯುತ್ತದೆ ಎಂಬ ಮಾತೇ ಅರೆವಾಹಕಗಳ ಪಾಠ ಓದಿದವರಿಗೆ ವಿಚಿತ್ರವಾಗಿ ಕೇಳಿಸಬೇಕು. ಮೊಬೈಲಿನ ಚಿಪ್‌ನಿಂದ ಹಿಡಿದು ಮನೆಯ ಮೇಲಿನ ಸೌರಫಲಕದವರೆಗೆ ಎಲ್ಲೆಡೆ ಇರುವ ಈ ಧಾತು ಬೆಳಕು ಕೊಡುವ ಕೆಲಸದಲ್ಲಿ ಮಾತ್ರ ಮಹಾ ಸೋಮಾರಿ. ಮೇಲಿನ ಶಕ್ತಿಪಟ್ಟಿಗೆ ಏರಿದ ಎಲೆಕ್ಟ್ರಾನ್ ಕೆಳಗಿಳಿದು ಬೆಳಕಾಗಬೇಕಾದರೆ ಸಿಲಿಕಾನಿನಲ್ಲಿ ಅದು ತನ್ನ ಶಕ್ತಿಯ ಜೊತೆಗೆ ಸಂವೇಗವನ್ನೂ ಬದಲಿಸಿಕೊಳ್ಳಬೇಕು. ಬೆಳಕಿನ ಕಣವಾದ ಫೋಟಾನ್ ಹೊತ್ತೊಯ್ಯುವ ಸಂವೇಗ ಲೆಕ್ಕಕ್ಕೇ ಬಾರದಷ್ಟು ಕಡಿಮೆಯಾದ್ದರಿಂದ ಹರಳಿನ ಕಂಪನವೊಂದು ಅದೇ ಕ್ಷಣದಲ್ಲಿ ನೆರವಿಗೆ ಬರಬೇಕು. ಆ ಮೂವರ ಕೂಟ ಅಪರೂಪಕ್ಕೆ ಸೇರುತ್ತದೆ, ಅಷ್ಟರಲ್ಲಿ ಶಕ್ತಿಯೆಲ್ಲ ಶಾಖವಾಗಿ ಕರಗಿಹೋಗಿರುತ್ತದೆ. ಒಂದು ವೇಳೆ ಬೆಳಕು ಬಂದರೂ, ಎಲೆಕ್ಟ್ರಾನ್ ಇಳಿಯಬೇಕಾದ ಸಿಲಿಕಾನಿನ ಶಕ್ತಿ ಅಂತರ 1.12 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ ಅದು 1100 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಕಿರಣವೇ ಹೊರತು ಕಣ್ಣಿಗೆ ಕಾಣುವ ಬಣ್ಣವಲ್ಲ.

ಈ ಸೋಮಾರಿಯನ್ನು ಎಬ್ಬಿಸಿದ ಕಥೆ ಎರಡು ಕಂತುಗಳಲ್ಲಿ ನಡೆಯಿತು. 1956ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರ್ಥರ್ ಉಹ್ಲಿರ್ ಅವರು ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ವಿದ್ಯುತ್ ಹರಿಸಿ ಸಿಲಿಕಾನಿನ ಮೇಲ್ಮೈಯನ್ನು ನಯಗೊಳಿಸಲು ಹೊರಟಾಗ, ನಯವಾಗುವ ಬದಲು ಅದರ ಮೇಲೆ ಬಣ್ಣಗೆಟ್ಟ ಪದರವೊಂದು ಕಟ್ಟಿಕೊಂಡಿತು. ಅದು ಜೇನುಗೂಡಿನಂತೆ ರಂಧ್ರಮಯವಾದ ಸಿಲಿಕಾನ್ ಎಂಬುದು ನಂತರ ತಿಳಿಯಿತಾದರೂ ಬಹುಕಾಲ ಅದು ಕುತೂಹಲದ ವಸ್ತುವಾಗಿಯಷ್ಟೇ ಉಳಿದಿತ್ತು. 1990ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ಲೀ ಕ್ಯಾನಮ್ ಅವರು ಅದೇ ರಂಧ್ರಗಳನ್ನು ಇನ್ನಷ್ಟು ಕೊರೆದು, ಗೋಡೆಗಳು ಕೆಲವೇ ನ್ಯಾನೊಮೀಟರ್ ದಪ್ಪದ ಎಳೆಗಳಾಗುವಷ್ಟು ತೆಳುಗೊಳಿಸಿ, ಕೊಠಡಿಯ ಉಷ್ಣತೆಯಲ್ಲೇ ಅದು ಕೆಂಪಾಗಿ ಹೊಳೆಯುವುದನ್ನು ತೋರಿಸಿದರು. ಸುಮಾರು 5 ನ್ಯಾನೊಮೀಟರ್‌ಗಿಂತ ಇಕ್ಕಟ್ಟಾದ ಜಾಗದಲ್ಲಿ ಎಲೆಕ್ಟ್ರಾನನ್ನು ಕೂಡಿಹಾಕಿದರೆ ಅದರ ಸಂವೇಗದ ನಿಯಮಗಳು ಸಡಿಲಗೊಳ್ಳುತ್ತವೆ, ಶಕ್ತಿ ಅಂತರ ಹಿಗ್ಗುತ್ತದೆ, ಅವಕೆಂಪಿನಲ್ಲಿದ್ದ ಬೆಳಕು ಕೆಂಪಿಗೂ ಕಿತ್ತಳೆಗೂ ಸರಿಯುತ್ತದೆ. ಕಣ ಚಿಕ್ಕದಾದಷ್ಟೂ ಹೊರಮೈಯ ಪಾಲು ಹೆಚ್ಚುವುದರಿಂದ ಆಮ್ಲಜನಕ ಅಲ್ಲಿ ಕೂತು ಕೆಡಿಸದಂತೆ ಕಾಯುವುದೂ ಒಂದು ಕಸುಬೇ ಆಯಿತು. ಮೇಲ್ಮೈಯ ಹೈಡ್ರೊಜನ್ನಿನ ಜಾಗದಲ್ಲಿ ಇಂಗಾಲದ ಸರಪಣಿಗಳನ್ನು ಬೆಸೆದು ಹೊದಿಕೆ ಹೊದಿಸಿದ ಸಿಲಿಕಾನ್ ಹರಳುಗಳು, ಹೀರಿದ ಪ್ರತಿ ನೂರು ಫೋಟಾನ್‌ಗಳಿಗೆ ಅರವತ್ತಕ್ಕೂ ಹೆಚ್ಚನ್ನು ಮರಳಿಸುತ್ತವೆಂದು 2006ರಲ್ಲಿ ವರದಿಯಾಯಿತು.

ಹೊಳೆಯುವ ಅರೆವಾಹಕ ಚುಕ್ಕೆಗಳೇನೂ ಸಿಲಿಕಾನಿಗೆ ಕಾದು ಕುಳಿತಿರಲಿಲ್ಲ. 2023ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಮೌಂಗಿ ಬವೆಂಡಿ, ಲೂಯಿ ಬ್ರೂಸ್, ಅಲೆಕ್ಸಿ ಎಕಿಮೊವ್ ಅವರ ಕೆಲಸದಿಂದ ಬೆಳೆದುಬಂದ ಕ್ಯಾಡ್ಮಿಯಂ ಸೆಲೆನೈಡ್‌ನಂಥ ಕ್ವಾಂಟಂ ಚುಕ್ಕೆಗಳು ಹೊಳಪಿನಲ್ಲಿ ಇಂದಿಗೂ ಮುಂದಿವೆ. ಆದರೆ ಜೀವಕೋಶದೊಳಗೆ ಇಳಿಸುವ ಮಾತು ಬಂದಾಗ ಕ್ಯಾಡ್ಮಿಯಂ ಎಂಬ ಹೆಸರೇ ಹೆದರಿಸುತ್ತದೆ. ಮೂತ್ರಪಿಂಡದಲ್ಲಿ ಸೇರಿಕೊಂಡರೆ ವರ್ಷಗಟ್ಟಲೆ ಹೊರಹೋಗದ ಲೋಹವದು. ಸಿಲಿಕಾನಿನ ಹಾದಿ ಬೇರೆ. ಹೊದಿಕೆ ಸವೆದ ಸಿಲಿಕಾನ್ ಕಣ ದೇಹದ ನೀರಿನಲ್ಲಿ ನಿಧಾನವಾಗಿ ಕರಗಿ ಸಿಲಿಸಿಕ್ ಆಮ್ಲವಾಗುತ್ತದೆ, ಅದು ಮೂತ್ರದಲ್ಲಿ ಹೋಗಿಬಿಡುತ್ತದೆ. 2009ರಲ್ಲಿ ಸ್ಯಾನ್ ಡಿಯಾಗೊದ ಮೈಕೆಲ್ ಸೈಲರ್ ಅವರ ತಂಡ ರಂಧ್ರಮಯ ಸಿಲಿಕಾನ್ ಕಣಗಳನ್ನು ಇಲಿಗಳಿಗೆ ಚುಚ್ಚಿ, ದೇಹದೊಳಗಿನ ಅವುಗಳ ಹೊಳಪನ್ನು ಹೊರಗಿನಿಂದಲೇ ಕಂಡು, ನಂತರ ಅವು ಕರಗಿ ಹೊರಹೋದದ್ದನ್ನೂ ದಾಖಲಿಸಿತು.

ಸಿಲಿಸಿಕ್ ಆಮ್ಲ ಎಂದಾಗ ಮಂಡ್ಯದವರಿಗೆ ಅದು ಅಪರಿಚಿತವೆನಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ಭತ್ತದ ಬೇರು ಹೀರುವುದೂ ಇದೇ ಅಣುವನ್ನು. ಪೈರು ಅದನ್ನು ಮೇಲಕ್ಕೆ ಸಾಗಿಸಿ, ನೀರು ಆವಿಯಾದ ಮೇಲೆ ಎಲೆಯಲ್ಲೂ ಕಾಳಿನ ಹೊಟ್ಟಿನಲ್ಲೂ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಸಿಲಿಕಾ ಆಗಿ ಗಟ್ಟಿಗೊಳಿಸುತ್ತದೆ. ಕಬ್ಬಿನ ಸೋಗೆ ಕೈ ಕೊಯ್ಯುವುದಕ್ಕೂ ಹೊಟ್ಟಿನ ಬೂದಿ ಪಾತ್ರೆಯ ಕಿಲುಬನ್ನು ಉಜ್ಜಿ ತೆಗೆಯುವುದಕ್ಕೂ ಈ ಸಿಲಿಕಾ ಕಾರಣ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು, ಸುಟ್ಟ ಹೊಟ್ಟಿನಲ್ಲಿ ಮತ್ತೆ ಸುಮಾರು ಐದನೇ ಒಂದು ಪಾಲು ಬೂದಿ, ಆ ಬೂದಿಯ ಬಹುಭಾಗ ಸಿಲಿಕಾ. ಅದನ್ನು ಆಮ್ಲದಲ್ಲಿ ತೊಳೆದು, ಮೆಗ್ನೀಸಿಯಂ ಪುಡಿಯೊಡನೆ ಬೆರೆಸಿ, ಗಾಳಿ ಸೋಕದ ಕುಲುಮೆಯಲ್ಲಿ ಸುಮಾರು 650 ಡಿಗ್ರಿಗೆ ಕಾಯಿಸಿದರೆ ಮೆಗ್ನೀಸಿಯಂ ಆಮ್ಲಜನಕವನ್ನು ಕಸಿದುಕೊಂಡು ಸಿಲಿಕಾನನ್ನು ಬಿಟ್ಟುಕೊಡುತ್ತದೆ. ಹೊಟ್ಟಿನ ಒಳರಚನೆಯ ಸೂಕ್ಷ್ಮ ರಂಧ್ರಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಅಕ್ಕಿ ಗಿರಣಿಯ ಹಿಂದಿನ ಹೊಟ್ಟಿನ ಗುಡ್ಡೆಯನ್ನು ಕಂಡಾಗಲೆಲ್ಲ ನನಗೆ ಈ ಸಮೀಕರಣ ನೆನಪಾಗುತ್ತದೆ, ಆದರೆ ನಮ್ಮ ಕಾಲೇಜಿನಲ್ಲಿ ಅಂಥ ಕುಲುಮೆಯಿಲ್ಲ. ನಾವು ಹಿಡಿದದ್ದು ಸುಲಭದ ದಾರಿ, ಅದರ ವಿಚಾರ ಮುಂದೆ ಬರುತ್ತದೆ.

ಹೊಳೆಯುವ ಕಣದಿಂದ ರಕ್ತದಲ್ಲೋ ನೀರಿನಲ್ಲೋ ಇರುವ ವಸ್ತುವನ್ನು ಅಳೆಯುವ ಬಗೆಯನ್ನು ತರಗತಿಯಲ್ಲಿ ವಿವರಿಸಲು ನಾನು ಟಾನಿಕ್ ವಾಟರ್ ಬಾಟಲಿಯೊಂದನ್ನೂ, ಅಂಗಡಿಗಳಲ್ಲಿ ನೋಟು ಪರೀಕ್ಷಿಸಲು ಇಡುವ ನೇರಳಾತೀತ ದೀಪವನ್ನೂ ಒಯ್ಯುತ್ತೇನೆ. ಆ ಪಾನೀಯದ ಕಹಿಗೆ ಕಾರಣವಾದ ಕ್ವಿನೈನ್ ಆ ದೀಪದಡಿ ತಿಳಿನೀಲಿಯಾಗಿ ಹೊಳೆಯುತ್ತದೆ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಹೀರಿದ ಬೆಳಕನ್ನು ಬೇರೆ ಬಣ್ಣದಲ್ಲಿ ಹೊಮ್ಮಿಸುವ ಈ ಗುಣವನ್ನು, ಅಂದರೆ ಪ್ರತಿದೀಪ್ತಿಯನ್ನು, ವಿವರಿಸಿದಾಗ ಅವರ ಮುಂದಿದ್ದದ್ದೂ ಕ್ವಿನೈನ್ ದ್ರಾವಣವೇ. ಅದಕ್ಕೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿದರೆ ಹೊಳಪು ಕಣ್ಣೆದುರಿಗೇ ಕುಗ್ಗುತ್ತದೆ, ಸಕ್ಕರೆ ಹಾಕಿದರೆ ಹಾಗೆಯೇ ಇರುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಬೆಳಕು ಹೀರಿ ಉದ್ರಿಕ್ತವಾದ ಕ್ವಿನೈನ್ ಅಣುವಿಗೆ ಡಿಕ್ಕಿ ಹೊಡೆದು, ಅದು ಬೆಳಕನ್ನು ಚೆಲ್ಲುವ ಮೊದಲೇ ಶಕ್ತಿಯನ್ನು ಕಳೆದುಬಿಡುತ್ತವೆ. ಎಷ್ಟು ಉಪ್ಪು ಹಾಕಿದರೆ ಎಷ್ಟು ಮಂಕಾಗುತ್ತದೆಂದು ಮೊದಲೇ ಅಳೆದು ಗೆರೆ ಎಳೆದಿಟ್ಟುಕೊಂಡರೆ, ಮಂಕಾದ ಪ್ರಮಾಣದಿಂದ ಉಪ್ಪಿನ ಪ್ರಮಾಣವನ್ನು ಹೇಳಬಹುದು. ಸಿಲಿಕಾನ್ ಕಣಗಳ ಹೆಚ್ಚಿನ ಸಂವೇದಕಗಳು ನಡೆಯುವುದು ಇದೇ ತತ್ತ್ವದ ಮೇಲೆ. ನೀಲಿ ಹೊಳಪಿನ ಕಣಗಳ ದಕ್ಷತೆಯನ್ನು ಅಳೆಯುವಾಗಲೂ ಹೋಲಿಕೆಗೆ ಇಡುವುದು ಸಾಮಾನ್ಯವಾಗಿ ಕ್ವಿನೈನ್ ಸಲ್ಫೇಟನ್ನೇ, ಅದನ್ನು ಕರಗಿಸುವುದು ಗಂಧಕಾಮ್ಲದಲ್ಲಿ. ಹೈಡ್ರೊಕ್ಲೋರಿಕ್ ಆಮ್ಲವನ್ನು ಏಕೆ ಬಳಸುವುದಿಲ್ಲವೆಂದು ಉಪ್ಪಿನ ಪ್ರಯೋಗ ನೋಡಿದ ವಿದ್ಯಾರ್ಥಿಗಳು ತಾವೇ ಹೇಳುತ್ತಾರೆ.

ತೊಂದರೆ ಇರುವುದು ಇಲ್ಲಿಯೇ. ಹೊಳಪು ಕುಗ್ಗಲು ಡಿಕ್ಕಿಯೊಂದೇ ಕಾರಣವಲ್ಲ. ಅಳೆಯಬೇಕಾದ ವಸ್ತು ಕಣದ ಮೈಗೆ ಅಂಟಿಕೊಂಡು, ಬೆಳಕು ಬೀಳುವ ಮೊದಲೇ ಅದನ್ನು ಹೊಳೆಯದಂತೆ ಮಾಡಿರಬಹುದು. ಉದ್ರಿಕ್ತ ಎಲೆಕ್ಟ್ರಾನನ್ನು ಕಸಿದುಕೊಂಡಿರಬಹುದು. ಕೆಲವೇ ನ್ಯಾನೊಮೀಟರ್ ದೂರದಲ್ಲಿ ನಿಂತು, ಮುಟ್ಟದೆಯೇ ಶಕ್ತಿಯನ್ನು ಸೆಳೆದುಕೊಂಡಿರಬಹುದು. ಇಲ್ಲವೇ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ತಳ ಸೇರಿರಬಹುದು. ಇವನ್ನು ಬಿಡಿಸಿ ನೋಡುವ ಉಪಾಯಗಳಿವೆ: ಡಿಕ್ಕಿಯಿಂದಾದ ಮಂಕು ದ್ರಾವಣವನ್ನು ಬಿಸಿ ಮಾಡಿದಷ್ಟೂ ಹೆಚ್ಚುತ್ತದೆ, ಅಂಟಿಕೊಳ್ಳುವುದರಿಂದಾದದ್ದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಡಿಕ್ಕಿಯಲ್ಲಿ ಹೊಳಪಿನ ಆಯುಷ್ಯವೇ ಮೊಟಕಾಗುತ್ತದೆ, ಅಂಟಿಕೊಂಡಾಗ ಉಳಿದ ಕಣಗಳ ಆಯುಷ್ಯ ಬದಲಾಗುವುದಿಲ್ಲ. ಇವೆಲ್ಲವುಗಳಿಗಿಂತ ಸರಳವಾದ, ಅದಕ್ಕೇ ಎಲ್ಲರೂ ಮರೆಯುವ ಇನ್ನೊಂದು ಕಾರಣವಿದೆ, ನಾವು ಮರೆತದ್ದೂ ಅದನ್ನೇ.

ನನ್ನ ಅಕ್ಕನ ಮಗಳು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ನಮ್ಮಲ್ಲಿ ಪ್ರತಿದೀಪ್ತಿಮಾಪಕ ಇಲ್ಲದಿರುವುದರಿಂದ, ಕಣ್ಣಳತೆಯಲ್ಲಿ ಕಂಡದ್ದನ್ನು ಅಂಕಿಯಲ್ಲಿ ಪಡೆಯಲು ಸೀಸೆಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲಿನಲ್ಲಿ ಮೈಸೂರಿಗೆ ಹೋದೆ. ಶೇ 18ರಷ್ಟು ಇಳಿಕೆ ಎಂದು ಯಂತ್ರವೂ ಹೇಳಿದಾಗ ನನಗೆ ಖುಷಿಯೇ ಆಯಿತು. ಅವಳು ಸೋಸಿದ ಕೆರೆ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಮಾಮ, ಈ ನೀರಿನ ಹೀರಿಕೆ ಎಷ್ಟಿದೆ ಅಂತ ಅಳೆದಿದ್ದೀರಾ?” ಎಂದು ಕೇಳಿದಳು. ಅಳೆದಿರಲಿಲ್ಲ. ನೀರು ಎಳೆಹಳದಿಯಾಗಿತ್ತು, ಮಳೆಗೆ ಕೊಚ್ಚಿಬಂದು ಕೊಳೆತ ಎಲೆ, ಕಡ್ಡಿ, ಹುಲ್ಲಿನಿಂದ ಬಿಟ್ಟುಕೊಂಡ ಹ್ಯೂಮಿಕ್ ಪದಾರ್ಥಗಳ ಬಣ್ಣವದು. ಈ ಪದಾರ್ಥಗಳು ನೇರಳಾತೀತ ಬೆಳಕನ್ನು ಚೆನ್ನಾಗಿಯೇ ಹೀರುತ್ತವೆ. ಅಂದರೆ ಕಣಗಳನ್ನು ಉದ್ರೇಕಿಸಬೇಕಾದ ಬೆಳಕು ಕಣಗಳನ್ನು ತಲುಪುವ ಮೊದಲೇ ದಾರಿಯಲ್ಲಿ ಖರ್ಚಾಗಿತ್ತು. ಬೀದಿದೀಪಕ್ಕೆ ವಿದ್ಯುತ್ತೇ ಸರಿಯಾಗಿ ಬಾರದಿರುವಾಗ ಬಲ್ಬು ಕೆಟ್ಟಿದೆಯೆಂದು ದೂರಿದಂತಾಗಿತ್ತು ನಮ್ಮ ತೀರ್ಮಾನ.

ಮಾದರಿಯನ್ನು ತುಂಬುವ ಒಂದು ಸೆಂಟಿಮೀಟರ್ ಅಗಲದ ಪಾರದರ್ಶಕ ಕ್ಯುವೆಟ್‌ನಲ್ಲಿ ಯಂತ್ರ ನೋಡುವುದು ನಡುಭಾಗವನ್ನಾದ್ದರಿಂದ ಬೆಳಕು ಅರ್ಧ ಹಾದಿಯಷ್ಟು ನೀರನ್ನು ದಾಟಿ ಬರಬೇಕು. ಉದ್ರೇಕಿಸುವ ತರಂಗಾಂತರದಲ್ಲಿ ಕೆರೆ ನೀರು ಸೇರಿಸಿದ್ದ ಹೀರಿಕೆ 0.16, ಅದರ ಅರ್ಧವನ್ನು ಹತ್ತರ ಋಣಘಾತಕ್ಕಿಟ್ಟು ಲೆಕ್ಕ ಹಾಕಿದರೆ ಕಣಗಳಿಗೆ ಯಾರೂ ಏನೂ ಮಾಡದಿದ್ದರೂ ಹೊಳಪು ಶೇ 17ರಷ್ಟು ಇಳಿಯಲೇಬೇಕು. ಉಳಿದ ಒಂದು ಅಂಶ ಯಂತ್ರದ ಏರಿಳಿತದೊಳಗೆ ಮುಚ್ಚಿಹೋಗುವಂಥದ್ದು. ಹೀರಿಕೆ ಕೇವಲ 0.1 ಇದ್ದರೂ ಇಳಿಕೆ ಶೇ 11 ಆಗುತ್ತದೆಂಬುದನ್ನು ಕಣ್ಣಿಗೆ ತಿಳಿಯಾಗಿ ಕಾಣುವ ಮಾದರಿಗಳೊಡನೆ ಕೆಲಸ ಮಾಡುವವರು ನೆನಪಿಡುವುದು ಒಳ್ಳೆಯದು. ಊರಿಗೆ ಮರಳಿ ಅದೇ ನೀರನ್ನು ಹಳೆಯ ಫಿನಾಂತ್ರೊಲಿನ್ ವಿಧಾನದಲ್ಲಿ ಪರೀಕ್ಷಿಸಿದೆವು. ಕಬ್ಬಿಣವಿದ್ದರೆ ಕಿತ್ತಳೆಗೆಂಪು ಬರಬೇಕಾಗಿದ್ದ ಪ್ರನಾಳದಲ್ಲಿ ಹೇಳಿಕೊಳ್ಳುವಂಥ ಬಣ್ಣವೇನೂ ಬರಲಿಲ್ಲ.

ವಿಚಿತ್ರವೆಂದರೆ, ನಮ್ಮನ್ನು ಮೋಸಗೊಳಿಸಿದ ಈ ಒಳಶೋಧಕ ಪರಿಣಾಮವನ್ನೇ ಜೀವರಸಾಯನಶಾಸ್ತ್ರದವರು ಬೇಕೆಂದೇ ಬಳಸಿಕೊಳ್ಳುತ್ತಾರೆ. ಪಿತ್ತಜನಕಾಂಗ ಮತ್ತು ಮೂಳೆಯ ತೊಂದರೆಗಳಲ್ಲಿ ವೈದ್ಯರು ಬರೆಸುವ ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಅಂಕಿಯೊಂದಿರುತ್ತದೆ. ಈ ಕಿಣ್ವ ಪ್ಯಾರಾ-ನೈಟ್ರೊಫೀನೈಲ್ ಫಾಸ್ಫೇಟ್ ಎಂಬ ಬಣ್ಣರಹಿತ ವಸ್ತುವಿನಿಂದ ಫಾಸ್ಫೇಟನ್ನು ಕತ್ತರಿಸಿದಾಗ ಹಳದಿ ಬಣ್ಣದ ನೈಟ್ರೊಫೀನಾಲ್ ಉಳಿಯುತ್ತದೆ, ಅದು 400 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ. ಆ ವಲಯದ ಬೆಳಕಿನಿಂದ ಉದ್ರಿಕ್ತವಾಗುವ ಕಣಗಳನ್ನು ಅದೇ ದ್ರಾವಣದಲ್ಲಿಟ್ಟರೆ, ಕಿಣ್ವ ಚುರುಕಾಗಿದ್ದಷ್ಟೂ ಹಳದಿ ಹೆಚ್ಚಿ, ಕಣಗಳಿಗೆ ಬೆಳಕಿನ ಪಡಿತರ ಕಡಿತಗೊಂಡು, ಹೊಳಪು ಇಳಿಯುತ್ತದೆ. ಕಣಕ್ಕೂ ಕಿಣ್ವಕ್ಕೂ ಮುಟ್ಟುವ ಸಂಬಂಧವೇ ಇಲ್ಲದಿರುವುದರಿಂದ ಕಣದ ಮೈಗೆ ಪ್ರತಿಕಾಯ ಕೂರಿಸುವಂಥ ಕಷ್ಟದ ಕೆಲಸ ಇಲ್ಲಿ ಬೇಕಾಗಿಲ್ಲ. ನಮ್ಮ ತಪ್ಪಿಗೂ ಈ ವಿಧಾನಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅವರಿಗೆ ಹಳದಿ ಎಲ್ಲಿಂದ ಬಂತೆಂದು ಗೊತ್ತು.

ಈ ಪ್ರಸಂಗದ ನಂತರ ಸಂವೇದಕಗಳ ಪ್ರಬಂಧಗಳನ್ನು ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಹೀರಿಕೆಯ ರೇಖಾಚಿತ್ರ ಇದೆಯೇ ಎಂಬುದರ ಕಡೆಗೆ. ಕಬ್ಬಿಣದ ಫೆರಿಕ್ ಅಯಾನನ್ನು ಪತ್ತೆಹಚ್ಚುತ್ತೇವೆಂದು ಹೇಳುವ ಹೊಳೆಯುವ ಕಣಗಳಿಗೆ ಲೆಕ್ಕವೇ ಇಲ್ಲ. ಫೆರಿಕ್ ದ್ರಾವಣ ತಾನೇ ನೇರಳಾತೀತವನ್ನು ಧಾರಾಳವಾಗಿ ನುಂಗುತ್ತದೆಂಬ ವಿಷಯ ಎಲ್ಲ ಕಡೆಯೂ ಅಷ್ಟೇ ಧಾರಾಳವಾಗಿ ಕಾಣಿಸುವುದಿಲ್ಲ. ಇನ್ನೊಂದು ಗೀಳು, ಪತ್ತೆಯ ಕನಿಷ್ಠ ಮಿತಿಯದು. ಉಪವಾಸದಲ್ಲಿರುವ ಆರೋಗ್ಯವಂತರ ರಕ್ತದಲ್ಲಿ ಗ್ಲೂಕೋಸ್ ಒಂದು ಡೆಸಿಲೀಟರಿಗೆ ಸುಮಾರು 70ರಿಂದ 100 ಮಿಲಿಗ್ರಾಂ, ಅಂದರೆ ನಾಲ್ಕೈದು ಮಿಲಿಮೋಲಾರ್ ಇರುತ್ತದೆ. ಅದನ್ನು ಗ್ಲೂಕೋಸ್ ಆಕ್ಸಿಡೇಸ್ ಕಿಣ್ವದಿಂದ ಉತ್ಕರ್ಷಿಸಿ, ಆಗ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡಿನಿಂದ ಕಣಗಳನ್ನು ಮಂಕಾಗಿಸಿ, ಈ ಪ್ರಮಾಣದ ಲಕ್ಷದಲ್ಲೊಂದು ಪಾಲು ಗ್ಲೂಕೋಸ್ ಇದ್ದರೂ ಕಂಡುಹಿಡಿಯುತ್ತೇವೆಂದು ಬೀಗುವುದು ಭತ್ತದ ಮೂಟೆ ತೂಗಲು ಅಕ್ಕಸಾಲಿಯ ತಕ್ಕಡಿ ತಂದಂತೆ. ನರಕೋಶಗಳ ಸಂದೇಶವಾಹಕವಾದ ಡೋಪಮಿನ್‌ನ ವಿಷಯದಲ್ಲಿ ಆ ಸೂಕ್ಷ್ಮತೆ ನಿಜಕ್ಕೂ ಬೇಕು, ಏಕೆಂದರೆ ರಕ್ತದಲ್ಲಿ ಅದರ ಪ್ರಮಾಣ ಅತ್ಯಲ್ಪ; ಕ್ಷಾರದಲ್ಲಿ ಉತ್ಕರ್ಷಿತವಾಗಿ ಕ್ವಿನೋನ್ ಆದಾಗ ಅದು ಕಣದ ಹೊಳಪನ್ನು ಸಮರ್ಥವಾಗಿ ಕಸಿಯುತ್ತದೆ. ಆದರೆ ಅದೇ ರಕ್ತದಲ್ಲಿ ಆಸ್ಕಾರ್ಬಿಕ್ ಆಮ್ಲವೂ ಯೂರಿಕ್ ಆಮ್ಲವೂ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತವೆ. ಅವುಗಳ ನಡುವೆ ಡೋಪಮಿನ್ ಒಂದನ್ನೇ ಗುರುತಿಸುವುದು ಸಂತೆಯಲ್ಲಿ ಒಬ್ಬರ ಪಿಸುಮಾತನ್ನು ಕೇಳಿಸಿಕೊಂಡಷ್ಟು ಕಷ್ಟ. ಅಳತೆಯ ಏರುಪೇರಿಗಾದರೂ ಕಂಡುಕೊಂಡ ಒಳ್ಳೆಯ ಉಪಾಯವೆಂದರೆ ಎರಡು ಬಣ್ಣದ ಹೊಳಪನ್ನು ಒಟ್ಟಿಗೆ ಇಡುವುದು: ಒಂದು ಅಳೆಯಬೇಕಾದ ವಸ್ತುವಿಗೆ ಮಣಿಯುತ್ತದೆ, ಇನ್ನೊಂದು ಮಣಿಯುವುದಿಲ್ಲ, ಓದುವುದು ಎರಡರ ಅನುಪಾತವನ್ನು. ದೀಪ ಏರಿಳಿದರೂ ಅನುಪಾತ ಕೆಡುವುದಿಲ್ಲ.

ಇನ್ನು ಸೀಸೆಯ ಮೇಲಿನ ಚೀಟಿಯ ವಿಚಾರ. ನಮ್ಮ ನೀಲಿ ದ್ರವವನ್ನು ಮಾಡಿದ್ದು ಅಮೈನೊಪ್ರೊಪೈಲ್ ಟ್ರೈಈಥಾಕ್ಸಿಸಿಲೇನ್ ಎಂಬ ದ್ರವವನ್ನು ಸೋಡಿಯಂ ಸಿಟ್ರೇಟ್ ದ್ರಾವಣಕ್ಕೆ ಬೆರೆಸಿ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ. 2013ರಲ್ಲಿ ಚೀನಾದ ಸೂಚೌ ವಿಶ್ವವಿದ್ಯಾಲಯದ ತಂಡವೊಂದು ಇದೇ ಎರಡನ್ನು ಮೈಕ್ರೋವೇವ್‌ನಲ್ಲಿ ಕೆಲವೇ ನಿಮಿಷ ಕಾಯಿಸಿ ನೀರಿನಲ್ಲಿ ಕರಗುವ ನೀಲಿ ಕಣಗಳನ್ನು ಪಡೆದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಹೈಡ್ರೊಫ್ಲೋರಿಕ್ ಆಮ್ಲದಂಥ ಅಪಾಯಕಾರಿ ವಸ್ತು ಬೇಡ, ಕುಲುಮೆ ಬೇಡ, ನಮ್ಮಂಥ ಕಾಲೇಜಿನ ಕೈಗೂ ಎಟುಕುತ್ತದೆ. ಆದರೆ ಇದರಲ್ಲಿ ನಿಜವಾಗಿ ಸಿಲಿಕಾನ್ ಹರಳು ಹುಟ್ಟುತ್ತದೆಯೇ ಎಂಬ ಸಂಶಯವನ್ನು ಇತ್ತೀಚಿನ ವರ್ಷಗಳಲ್ಲಿ ರಸಾಯನಶಾಸ್ತ್ರಜ್ಞರೇ ಎತ್ತಿದ್ದಾರೆ, ಆ ಸಂಶಯ ನನಗೂ ನ್ಯಾಯವಾದದ್ದೆಂದು ತೋರುತ್ತದೆ. ಸಿಲೇನ್ ಅಣುವಿನಲ್ಲಿ ಸಿಲಿಕಾನ್ ಮೂರು ಆಮ್ಲಜನಕಗಳ ಬಿಗಿಹಿಡಿತದಲ್ಲಿರುತ್ತದೆ. ಆ ಹಿಡಿತವನ್ನು ಬಿಡಿಸಲು ಕಾರ್ಖಾನೆಗಳಲ್ಲಿ ಮರಳಿಗೆ ಇಂಗಾಲ ಬೆರೆಸಿ ವಿದ್ಯುತ್ ಕುಲುಮೆಯಲ್ಲಿ 1900 ಡಿಗ್ರಿಯಷ್ಟು ಕಾಯಿಸಬೇಕಾಗುತ್ತದೆ, ಮೆಗ್ನೀಸಿಯಂನಂಥ ಹಸಿದ ಲೋಹಕ್ಕೂ ನೂರಾರು ಡಿಗ್ರಿ ಬೇಕು. ನಿಂಬೆಹಣ್ಣಿನ ಹುಳಿಯ ಉಪ್ಪೊಂದು ನೀರಿನಲ್ಲಿ, 200 ಡಿಗ್ರಿಗೂ ಕೆಳಗೆ, ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆಂದರೆ ಪ್ರಥಮ ವರ್ಷದ ವಿದ್ಯಾರ್ಥಿಯೂ ಹುಬ್ಬೇರಿಸಬೇಕು. ಸಿಟ್ರೇಟ್ ಮತ್ತು ಅಮೈನುಗಳನ್ನು ಒಟ್ಟಿಗೆ ಕಾಯಿಸಿದರೆ ಸಿಲಿಕಾನಿನ ಹಂಗಿಲ್ಲದೆಯೂ ನೀಲಿಯಾಗಿ ಹೊಳೆಯುವ ಇಂಗಾಲದ ಚುಕ್ಕೆಗಳೂ ಸಾವಯವ ಅಣುಗಳೂ ಹುಟ್ಟುತ್ತವೆಂಬುದು ಗೊತ್ತಿರುವ ಸಂಗತಿ. ಹಾಗಾದರೆ ನಮ್ಮ ಸೀಸೆಯಲ್ಲಿದ್ದದ್ದು ಸಿಲಿಕಾದ ಬಲೆಯಲ್ಲಿ ಸಿಕ್ಕಿಕೊಂಡ ಅಂಥವೇ ಆಗಿರುವ ಸಾಧ್ಯತೆ ಹೆಚ್ಚು.

ಇದನ್ನು ಪರೀಕ್ಷಿಸುವುದು ಅಸಾಧ್ಯವೇನಲ್ಲ. ಸಿಲಿಕಾನ್ ಹರಳು, ಚದುರಿದ ಬೆಳಕನ್ನು ಅಳೆಯುವ ರಾಮನ್ ರೋಹಿತದಲ್ಲಿ ಸೆಂಟಿಮೀಟರಿಗೆ 520 ಅಲೆಗಳ ಬಳಿ ಚೂಪಾದ ಗೆರೆ ಕೊಡುತ್ತದೆ, ಕಣ ತೀರ ಚಿಕ್ಕದಾದರೆ ಆ ಗೆರೆ ತುಸು ಕೆಳಗೆ ಸರಿದು ಅಗಲವಾಗುತ್ತದೆ. ಎಕ್ಸ್-ಕಿರಣದಿಂದ ಎಲೆಕ್ಟ್ರಾನ್ ಕಿತ್ತು ಅಳೆದರೆ ಬರಿಯ ಸಿಲಿಕಾನ್ 99 ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಸಿಲಿಕಾ 103ರ ಹತ್ತಿರ ಕಾಣಿಸಿಕೊಳ್ಳುತ್ತವೆ. ನನಗೆ ಹೆಚ್ಚು ಹಿಡಿಸಿದ್ದು ಹೊಳಪಿನ ಆಯುಷ್ಯದ ಪರೀಕ್ಷೆ. ಕೆಂಪಾಗಿ ಹೊಳೆಯುವ ಅಸಲಿ ಸಿಲಿಕಾನ್ ಹರಳುಗಳಲ್ಲಿ ಹಳೆಯ ಸೋಮಾರಿತನ ಪೂರ್ತಿ ಹೋಗಿರುವುದಿಲ್ಲ. ಅವು ಬೆಳಕನ್ನು ಬಿಡಲು ಹತ್ತಾರು ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತವೆ. ದೇಹದ ಅಂಗಾಂಶಗಳ ಸ್ವಂತ ಹೊಳಪಾದರೋ ಕೆಲವೇ ನ್ಯಾನೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಬೆಳಕು ಹಾಯಿಸಿ, ಕ್ಷಣಕಾಲ ಕಾದು, ಅಂಗಾಂಶದ ಗದ್ದಲವೆಲ್ಲ ಅಡಗಿದ ಮೇಲೆ ಕ್ಯಾಮೆರಾ ತೆರೆದರೆ ಉಳಿದಿರುವುದು ಸಿಲಿಕಾನಿನ ಬೆಳಕು ಮಾತ್ರ. ಜೀವದೇಹದೊಳಗಿನ ಸಂವೇದನೆಗೆ ಸಿಲಿಕಾನ್ ತರುವ ಬಹುದೊಡ್ಡ ಅನುಕೂಲ ನನ್ನ ಅಭಿಪ್ರಾಯದಲ್ಲಿ ಇದೇ, ಅದರ ಮೂಲ ದೋಷದಿಂದಲೇ ಹುಟ್ಟಿದ ಅನುಕೂಲ.

ನಮ್ಮ ನೀಲಿ ದ್ರವದ ಆಯುಷ್ಯವನ್ನೂ ಅಕ್ಕನ ಮಗಳು ಅಳೆದು ಕಳಿಸಿದಳು: ಕೆಲವು ನ್ಯಾನೊಸೆಕೆಂಡ್. ಸಾವಯವ ಅಣುಗಳ ಲಕ್ಷಣವದು, ಆದರೂ ಅದೊಂದರಿಂದಲೇ ತೀರ್ಪು ಕೊಡುವಂತಿಲ್ಲ, ಮೇಲ್ಮೈಯ ದೋಷಗಳೂ ಅಷ್ಟೇ ಬೇಗ ಹೊಳೆದು ನಂದಬಲ್ಲವು. ರಾಮನ್ ಮಾಪನ ಇನ್ನೂ ಆಗಿಲ್ಲ. ವಿದ್ಯಾರ್ಥಿನಿಯರು ದಾಖಲೆ ಪುಸ್ತಕದ ಆ ಪುಟಕ್ಕೆ ಗೆರೆ ಎಳೆದು, ಕೆಳಗೆ ‘ಇಳಿಕೆಗೆ ನೀರಿನ ಹೀರಿಕೆ ಕಾರಣ, ಕಬ್ಬಿಣ ಪತ್ತೆಯಾಗಿಲ್ಲ’ ಎಂದು ಬರೆದು ನನ್ನ ಮುಂದಿಟ್ಟರು, ನಾನು ಎರಡನೇ ಬಾರಿ ಸಹಿ ಮಾಡಿದೆ. ಸೀಸೆಯ ಹಳೆಯ ಚೀಟಿಯನ್ನು ಕಿತ್ತು ‘ಸಿಲೇನ್–ಸಿಟ್ರೇಟ್, ನೀಲಿ’ ಎಂದಷ್ಟೇ ಬರೆದ ಹೊಸ ಚೀಟಿಯನ್ನು ಅವರೇ ಅಂಟಿಸಿದ್ದಾರೆ.